ಕಣ್ಣಲ್ಲಿ ಹೊತ್ತು ತಂದ ಕೆಂಪು

ನಮ್ಮ ಮುತ್ತಜ್ಜ ಶೇಖಪ್ಪ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ರಾಶಿಯ ಕೆಂಪು ನೋಡಿಯೇ ಅದು ಯಾರ ಹೊಲದ್ದೆಂದು ಹೇಳುತ್ತಿದ್ದ. ಅಜ್ಜ ಕದರಮಂಡಲಗಿಯಲ್ಲಿ ಕಂಡ ಕೆಂಪನ್ನು ಕಣ್ಣಲ್ಲೇ ಹೊತ್ತು ಹಾವೇರಿಗೆ ಹೋಗಿ ಅದಕ್ಕೆ ಜೋಡಿ ಕಾಯಿ ಆರಿಸುತ್ತಿದ್ದ. ಅಂಥವರ ವಂಶೋದ್ಧಾರಕನಾದ ನನಗೆ ಹೆಂಡತಿ ಗದಿಗೆವ್ವ ತನ್ನ ಸೀರೆಯಿಂದ ಒಂದು ಎಳೆ ಕಿತ್ತು ಕೊಡಬಂದಳು!

ಮರುದಿನ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ಗದಿಗೆವ್ವನ ಹೊಸ ಕೆಂಪು ಸೀರೆಗೆ ಒಪ್ಪುವ ಜಂಪರಿನ ಬಟ್ಟೆಯನ್ನು ನಾನು ರಾಣೆಬೆನ್ನೂರಿನಿಂದ ತರಬೇಕು, ಪಕ್ಕದ ಮನೆಯ ಹಸೀನಾಬಿ ಇವತ್ತೇ ಹೊಲಿಯಬೇಕು.

"ಎಳಿ ಯಾಕ? ನನಗ ಕಣ್ಣಿಲ್ಲೇನು?"

"ಹಂಗಾರ ನೆಟ್ಟಗ ನೋಡ್ರಿ. ಇದು ನಂದು. ಇದು ನಿಮ್ಮ ತಮ್ಮನ ಹೆಂಡ್ತಿ ರೇಣುಕವ್ವಂದು. ಅಕೀದು ತುಸು ತಿಳಿ, ನಂದು ತುಸು ಗಾಢ. ಅಕೀ ಸೀರೀಗೆ ಒಪ್ಪೋದನ್ನ ತಂದ್ರೋ, ನಾಳೆ ನಾ ಅಡಗಿಮನಿ ಬಿಟ್ಟು ಹೊರಗ ಬರಂಗಿಲ್ಲ!"

ನಾನು ಎರಡೂ ಸೀರೆ ಬಿಟ್ಟು ಆ 'ತುಸು'ವನ್ನೇ ನೋಡಿದೆ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಅದನ್ನೇ ಮೆಲುಕು ಹಾಕಿದೆ. (ಕಂಡಕ್ಟರ್ ನಿದ್ದೆಯೆಂದು ತಿಳಿದು ತಿವಿದ.) ಬಟ್ಟೆ ಅಂಗಡಿಯ ನಾಸೀರ ತೆಗೆದು ಹರವಿದ್ದೆಲ್ಲ ನನಗೆ ರೇಣುಕವ್ವನ ಸೀರೆಯಂತೆಯೇ ಕಂಡಿತು.

"ಇನ್ನೂ ಗಾಢ."

"ಯಜಮಾನ್ರ, ಇದಕ್ಕಿಂತ ಗಾಢ ಅಂದ್ರ ಅಮವಾಸ್ಯೀನ ರೀ!"

ತಂದ ಬಟ್ಟೆಯನ್ನು ಗದಿಗೆವ್ವ ಸೀರೆಯ ಮೇಲಿಟ್ಟಳು.

"ಇದು ಕೆಂಪಲ್ರೀ, ಹುಣಸೀಹಣ್ಣು!"

"ನಿನ್ನ ಸೀರೀನ ಬಣ್ಣ ಬಿಟ್ಟೈತಿ," ಎಂದೆ.

ಹಸೀನಾಬಿ ಸೂಜಿಗೆ ದಾರ ಪೋಣಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮತ್ತೆ ಬಸ್ಸಿಗೆ ಓಡಿದೆ. ಈ ಸಲ ಕಣ್ಣ ತುಂಬ ಆ ಹುಣಸೆಹಣ್ಣೇ: ಅದಲ್ಲ, ಅದಕ್ಕಿಂತ ತಿಳಿ, ಇನ್ನೂ ತಿಳಿ! ನಾಸೀರ ಕತ್ತರಿಸಿಕೊಟ್ಟ.

ದೀಪ ಹಚ್ಚುವ ಹೊತ್ತಿಗೆ ತಂದು ಹರವಿದೆ. ಕೂಡಿತು, ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂಡಿತು. ರೇಣುಕವ್ವನ ಸೀರೆಗೆ!

"ನನ್ನ ಜಂಪರ ಮಾಸಿತ್ರಿ ಭಾವಾರ, ದೇವರಂಗ ತಂದ್ರಿ!" ಎಂದು ಅವಳು ಬಟ್ಟೆಯನ್ನು ಹಸೀನಾಬಿಯ ಕೈಗಿತ್ತಳು. ಗದಿಗೆವ್ವ ಅಡುಗೆಮನೆ ಹೊಕ್ಕು ಅಗಳಿ ಹಾಕಿಕೊಂಡಳು. ಗಂಡಿನವರನ್ನು ಎದುರುಗೊಳ್ಳುವವರಾರು?

ರೇಣುಕವ್ವನಿಗೆ ಕನಿಕರ ಬಂತು. ಅಕ್ಕನ ಸೀರೆಯಿಂದ ಎಳೆಯೊಂದನ್ನು ಕಿತ್ತು ಚಾಚಿದಳು. "ಮುಂಜಾನೆ ಮೊದಲನೇ ಬಸ್ಸಿಗೆ ಹಾವೇರಿಗೆ ಹೋಗ್ರಿ. ಇದನ್ನ ಕಿಸೇದಾಗ ಇಟ್ಕೋರಿ."

ಅಗಳಿ ಹಾಕಿದ ಬಾಗಿಲಿಗೂ ಕೇಳುವಂತೆ ಹೇಳಿದೆ: "ಎಳಿ ಬ್ಯಾಡವ್ವಾ ತಂಗಿ! ಆ ಕಡೆ ತಪ್ಪೇನಿ, ಈ ಕಡೆ ತಪ್ಪೇನಿ. ನಡುವಿಂದು ಯಾವುದಂತ ಈಗ ಖರೇನ ಕಣ್ಣಾಗ ಕುಂತೈತಿ!"