ಹನ್ನೊಂದು ದಿನ ನನ್ನ ಒಪ್ಪಿಗೆಯನ್ನು ಬಚ್ಚಿಟ್ಟ ಚೀಟಿಪೆಟ್ಟಿಗೆಗೆ

ಮಾನ್ಯ ಚೀಟಿಪೆಟ್ಟಿಗೆಯವರೇ,

ನಮ್ಮ ಮದುವೆ ಆಗಿಯೇ ಹೋಯಿತು, ಕಳೆದ ಶುಕ್ರವಾರ, ಉತ್ತರ ಜರ್ಮನಿಯ ನಮ್ಮೂರು ಲೇರ್‌ನ ಪುರಭವನದಲ್ಲಿ, ನನ್ನ ಕಾಲಿನ್ನೂ ನೆಲದ ಮೇಲೆ ನಿಲ್ಲುತ್ತಿಲ್ಲ! ಗೋಟಿಂಗೆನ್ನಿನಲ್ಲಿ ನನ್ನ ಗಂಡ ಹೌಕೆಯ ಕೋಣೆಯ ಕಿಟಕಿಯನ್ನು ಪೂರ್ತಿ ಆಕ್ರಮಿಸಿಕೊಂಡು, ಅವನ ಪ್ರಬಂಧದ ಒಂಬತ್ತು ಸಾವಿರ ಟಿಪ್ಪಣಿಗಳನ್ನು ಹೊತ್ತು ನಿಂತಿರುವ ಓಕ್ ಮರದ ಹಿರಿಯರಾದ ತಮಗೆ ಇದನ್ನು ತಿಳಿಸುವುದು ನನ್ನ ಕರ್ತವ್ಯ, ಏಕೆಂದರೆ ಈ ಮದುವೆ ತಮ್ಮ ಕೃಪೆಯಿಂದ ನಿಂತೇ ಹೋಗುವುದರಲ್ಲಿತ್ತು. ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ಚೀಟಿ ಬರೆದುಕೊಟ್ಟರೆ ತಾವು ನುಂಗಿಬಿಡುತ್ತೀರಿ.

ತಮ್ಮ ಶಿಸ್ತಿನ ಬಗ್ಗೆ ನನಗೆ ಅಪಾರ ಗೌರವವಿದೆ. ಒಂದು ಚೀಟಿಗೆ ಒಂದೇ ವಿಚಾರ, ಅದೂ ಸ್ವಂತ ಮಾತಿನಲ್ಲಿ. ಹೊಸ ಚೀಟಿ ಯಾವುದಕ್ಕೆ ಉತ್ತರವೋ ಅದರ ಬೆನ್ನಿಗೇ ಇರಬೇಕು. "ಸುಮ್ನೆ ಬರೆದಿಡು ವೀಬ್ಕೆ, ಬೇಕಾದಾಗ ತಾನಾಗೇ ಕೈಗೆ ಬರುತ್ತೆ" ಎಂದು ಹೌಕೆ ತಮ್ಮನ್ನು ಹೊಗಳುತ್ತಿದ್ದುದನ್ನು ನಂಬಿದವಳು ನಾನು. ಅವನು ನಮ್ಮೂರ ಬಳಿಯ ಕಡಲೊಡ್ಡಿನ ಮೇಲೆ ನಿಂತು ಮದುವೆಯ ಮಾತೆತ್ತಿ, "ಈಗ್ಲೇ ಬೇಡ, ಯೋಚ್ನೆ ಮಾಡಿ ಹೇಳು" ಎಂದ. ಮರುದಿನ ಅವನೊಂದಿಗೆ ಗೋಟಿಂಗೆನ್ನಿಗೆ ಹೋಗಿ, ಅವನು ಗ್ರಂಥಾಲಯಕ್ಕೆ ಹೋದಾಗ "ಆಗಲಿ, ಜೂನ್‌ನಲ್ಲೇ" ಎಂದು ಬರೆದು, ಕಡಲೊಡ್ಡುಗಳ ಟಿಪ್ಪಣಿಯ ಹಿಂದೆ, ೭೨/೪ಕ ಎಂದು ಸಂಖ್ಯೆ ಕೊಟ್ಟು, ತಮ್ಮ ಮಡಿಲಿಗಿಟ್ಟು ಹೆಮ್ಮೆಯಿಂದ ಊರಿಗೆ ಬಂದೆ.

ಆ ದಿನಗಳಲ್ಲಿ ಅವನು ಬರೆಯುತ್ತಿದ್ದದ್ದು ಒಡ್ಡಿನ ಬಗ್ಗೆಯಲ್ಲ, ಜೌಗು ನೆಲದ ಬಗ್ಗೆ. ತಮಗದು ಗೊತ್ತಿತ್ತು, ತಾವು ತುಟಿ ಬಿಚ್ಚಲಿಲ್ಲ. ಅಲ್ಲಿ ಅವನು ನಾನು ಒಲ್ಲೆನೆಂದುಕೊಂಡು ಚಹಾಕ್ಕೆ ಕಲ್ಲುಸಕ್ಕರೆ ಹಾಕುವುದನ್ನೇ ಬಿಟ್ಟ. ಇಲ್ಲಿ ನಾನು ಅವನ ಮನಸ್ಸು ಬದಲಾಯಿತೆಂದು ದಿಂಬು ನೆನೆಸಿದೆ. "ಒಂದು ಫೋನ್ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ, ಪೆದ್ದೀ?" ಎಂದು ಅಮ್ಮ ಬೈದರು. ಹನ್ನೆರಡನೆಯ ದಿನ, ಯಾವುದೋ ಅಡಿಟಿಪ್ಪಣಿಗಾಗಿ ಒಡ್ಡಿನ ಖಾನೆ ಎಳೆದ ಹೌಕೆ ಫೋನಿನಲ್ಲಿ ಕಿರುಚಿದ: "ಎಪ್ಪತ್ತೆರಡು, ನಾಲ್ಕು, ಕ! ಓದ್ದೆ ಕಣೇ, ಈಗ್ತಾನೇ ಓದ್ದೆ!"

ಆದ್ದರಿಂದ ಈ ಸವಿನಯ ಬೇಡಿಕೆಗಳು. ಇನ್ನು ಮುಂದೆ ನನ್ನ ಕೈಬರಹ ಒಳಗೆ ಬಂದರೆ ತಾವು ಜೋರಾಗಿ ಕೆಮ್ಮಬೇಕು. ಆ ಕೋಣೆಗೆ ಬರಲಿರುವ ನನ್ನ ಮೇಜಿಗೂ ಬೆಳಕು ಬೀಳುವಂತೆ ಎರಡು ಗೇಣು ಸರಿದುಕೊಳ್ಳಬೇಕು. ೭೨/೪ಕವನ್ನು ಚೌಕಟ್ಟು ಹಾಕಿಸಲು ನನಗೆ ಮರಳಿಸಬೇಕು. ಹೌಕೆಯಂತೂ "ಅಯ್ಯೋ, ತೆಗೀಬೇಡ ಕಣೇ, ಅದರ ಹಿಂದೆ ಆಗ್ಲೇ ನಾಲ್ಕು ಚೀಟಿ ಬರ್ದಿಟ್ಟಿದ್ದೀನಿ" ಎನ್ನುತ್ತಾನೆ. ಅವುಗಳಲ್ಲೇನಿದೆ ಎಂದು ಅವನು ಹೇಳುತ್ತಿಲ್ಲ. ತಾವಂತೂ ಹೇಳುವವರೇ ಅಲ್ಲ.

ತಮ್ಮ ವಿಶ್ವಾಸಿ, ಈಗ ತಮ್ಮ ಮನೆಯ ಸೊಸೆ,
ವೀಬ್ಕೆ

ತಾ.ಕ.: ಆ ನಾಲ್ಕನ್ನೂ ನಾನೇ ಬಂದು ಓದುತ್ತೇನೆ. ಸಾಮಾನು ಕಟ್ಟಿ ಮುಗಿಯಿತು. ಬರುವ ಹೊತ್ತನ್ನು ಈ ಸಲ ಚೀಟಿಯಲ್ಲಿ ಬರೆದಿಲ್ಲ, ಹೌಕೆಯ ಕಿವಿಗೇ ಮೂರು ಸಲ ಹೇಳಿದ್ದೇನೆ: ಶನಿವಾರ, ಹ್ಯಾನೋವರ್ ಕಡೆಯಿಂದ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಬರುವ ರೈಲು.