ಭಲೇ ಎಂದವನ ಅಪರಾಧ: ರಂಗ-ತರಗತಿ ಜೋಡಣಾ ಕೇಂದ್ರದ ನಿರ್ದೇಶಕರಿಗೆ

ನಮ್ಮ ವಿಶ್ವವಿದ್ಯಾಲಯದ ರಂಗ-ತರಗತಿ ಜೋಡಣಾ ಕೇಂದ್ರದ ಸ್ಥಾಪಕ ನಿರ್ದೇಶಕರೂ, ಶಿಸ್ತು ಸಮಿತಿಯ ಅಧ್ಯಕ್ಷರೂ, ಈ ವರ್ಷದ ನವೀನ ಬೋಧನಾ ಪ್ರಶಸ್ತಿಯಿಂದ ಶೋಭಿತರೂ ಆದ ಶ್ರೀ ಪ್ಯೋ ಗ್ವಾಂಗ್‌ಸೂ ಅವರ ಸನ್ನಿಧಾನಕ್ಕೆ, ಕಾನೂನು ವಿಭಾಗದಲ್ಲಿ ಸಾಕ್ಷ್ಯ ಕಾಯಿದೆಯ ಪಾಠ ಹೇಳಿಕೊಂಡಿರುವ ಮೋಕ್ ಯನ್‌ಸೂಕ್ ಎಂಬವಳ ಅನಂತ ನಮಸ್ಕಾರಗಳು.

ಮಾನ್ಯರೇ,

ಗಿಂಕ್ಗೋ ಮರದ ಹಣ್ಣುಗಳು ಉದುರಿ, ತುಳಿದವರ ಬೂಟಿಗೆಲ್ಲ ಮೆತ್ತಿಕೊಂಡು, ನಮ್ಮ ವಿದ್ಯಾಮಂದಿರದ ದಾರಿಗಳೆಲ್ಲ ಗಬ್ಬೆಂದು ನಾರುತ್ತಿರುವ ಈ ಶರತ್ಕಾಲದಲ್ಲಿ ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಈ ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ತಮ್ಮ ಮೇಜಿಗೆ ಕಳಿಸದೆ ಊರ ಪತ್ರಿಕೆಗೆ ಕೊಡುತ್ತಿರುವುದಕ್ಕೆ ತಾವು ಬೇಸರಿಸಬಾರದು. ತಮ್ಮ ಸಾಧನೆಯನ್ನು ನಾನೊಬ್ಬಳೇ ಬಚ್ಚಿಟ್ಟುಕೊಂಡು ಸವಿಯುವುದು ಸ್ವಾರ್ಥವಾದೀತೆಂಬ ಅಂಜಿಕೆಯೇ ಇದಕ್ಕೆ ಕಾರಣ.

ಇದೆಲ್ಲ ಶುರುವಾದದ್ದು ಕಳೆದ ವಸಂತದಲ್ಲಿ, ನನ್ನ ತರಗತಿಯ ನಿದ್ದೆಯಿಂದ. ಮಧ್ಯಾಹ್ನದ ಊಟವಾದ ಮೇಲೆ ಸಾಕ್ಷ್ಯ ಕಾಯಿದೆ ಕೇಳುವುದೆಂದರೆ ಕಲ್ಲುಕಂಬ ಕೂಡ ತೂಕಡಿಸುವ ಸಂಗತಿ. ಅದರಲ್ಲೂ ಹಿಂದಿನ ಸಾಲಿನ ಗಿಲ್ ದೋಜಿನ್, ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಬಂದವನು, ನೆಟ್ಟಗೆ ಕೂತು ಕಣ್ಣು ತೆರೆದುಕೊಂಡೇ ನಿದ್ದೆ ಹೊಡೆಯುವ ವಿದ್ಯೆಯನ್ನು ಅಲ್ಲಿಂದ ಕಲಿತು ಬಂದಿದ್ದ. ಹೀಗಿರಲು, ಕಳೆದುಹೋದ ಸೊತ್ತು ತನ್ನದೇ ಎಂದು ಒಬ್ಬರು ಸಾಬೀತು ಮಾಡುವುದು ಹೇಗೆ ಎಂಬ ಪಾಠದ ದಿನ ನಾನು ಡೋಲಿನ ತಾಳಕ್ಕೆ ಕಥೆ ಹಾಡುವ ಸಂತೆಬೀದಿಯ ಪಾನ್ಸೋರಿ ಗಾಯಕಿ ಬಾಂಗ್ ಸುನ್‌ದೋಕ್ ಅವರನ್ನು ತರಗತಿಗೆ ಕರೆದೆ. ಎಪ್ಪತ್ತು ದಾಟಿದ ಈ ತಾಯಿ ತುಟಿಗೆ ಕೆಂಪು ಬಳಿಯದೆ ಹೊಸ್ತಿಲು ದಾಟುವವರಲ್ಲ. ಈ ಸೀಮೆಯಲ್ಲಿ ತನ್ನಂತೆ ಹಾಡುವವರು ಮತ್ತೊಬ್ಬರಿಲ್ಲ, ಇದ್ದ ಇಬ್ಬರೂ ಪುಣ್ಯಕ್ಕೆ ಸತ್ತರು ಎಂದು ಬಂದ ತಕ್ಷಣ ನನ್ನ ವಿದ್ಯಾರ್ಥಿಗಳಿಗೆ ತಿಳಿಸಿದರು. ಜೊತೆಗೆ ಡೋಲು ಹೊತ್ತ ಅವರ ತಮ್ಮ ಇದ್ದರು. ಅಕ್ಕ ಏನು ಹೇಳಿದರೂ ತಲೆಯಾಡಿಸುವುದು ಅವರ ಸ್ವಭಾವ.

ಅವರು ಹಾಡಿದ್ದು ಒಬ್ಬ ವಿಧವೆಯ ಕಥೆ. ಅವಳ ಎತ್ತು ನ್ಯಾಯಾಧಿಕಾರಿಯ ಬಾಗಿಲೆದುರು ಸಗಣಿ ಹಾಕಿತೆಂಬ ಆರೋಪದ ಮೇಲೆ ಅವನ ಆಳುಗಳು ಅದನ್ನು ಹೊಡೆದುಕೊಂಡು ಹೋಗಿರುತ್ತಾರೆ. ಎತ್ತು ನಿನ್ನದೇ ಎಂಬುದಕ್ಕೆ ಸಾಕ್ಷಿ ಏನು ಎಂದು ಅಧಿಕಾರಿ ಕೇಳುತ್ತಾನೆ. ಅವಳು ಅಂಗಳದ ನಡುವೆ ನಿಂತು ಎತ್ತನ್ನು ಹೆಸರು ಹಿಡಿದು ಕರೆಯುತ್ತಾಳೆ. ಗಾಯಕಿ ಬೀಸಣಿಗೆಯನ್ನು ಫಟ್ಟನೆ ಬಿಚ್ಚಿ, ಹೊಟ್ಟೆಯ ಆಳದಿಂದ ಆ ಕರೆಯನ್ನು ಎತ್ತಿ, ಇನ್ನೇನು ಎತ್ತು ಓಗೊಡಬೇಕು ಎನ್ನುವಾಗ ಬೇಕೆಂದೇ ನಿಲ್ಲಿಸಿದರು. ಆಗ ಹಿಂದಿನ ಸಾಲಿನಿಂದ ಗಿಲ್ ದೋಜಿನ್ ನಿದ್ದೆಯಿಂದ ಬೆಚ್ಚಿ ಎದ್ದು ನಿಂತು, "ಅಜ್ಜೀ, ಜೋರಾಗಿ ಕರೀರಿ, ಅದಕ್ಕೆ ಕೇಳಿಸ್ಲಿಲ್ಲ!" ಎಂದು ಕಿರುಚಿದ.

ತರಗತಿ ಗೊಳ್ಳೆಂದಿತು. ಗಾಯಕಿ ಮಾತ್ರ ನಗಲಿಲ್ಲ. "ಯಾವನೋ ಅವನು? ಇಷ್ಟು ಜನರಲ್ಲಿ ಎತ್ತಿನ ಕಷ್ಟ ಗೊತ್ತಾದವನು ನೀನೊಬ್ನೇ ಕಣೋ! ಮುಂದೆ ಬಾ, ಮುಂದೆ ಬಾ!" ಎಂದು ಅವನನ್ನು ಮುಂದಿನ ಸಾಲಿಗೆ ಕೂರಿಸಿಕೊಂಡು ಮತ್ತೆ ಕರೆ ಎತ್ತಿದರು. ಅಲ್ಲಿಂದ ಮುಂದೆ ಒಬ್ಬರು ಭಲೇ ಎಂದರು, ಇನ್ನೊಬ್ಬರು ಭೇಷ್ ಎಂದರು, ಡೋಲಿನವರು ಹ್ಞಾಂ ಎಂದು ಹುರಿದುಂಬಿಸಿದರು. ಪಕ್ಕದ ಕೋಣೆಯ ಸಂಖ್ಯಾಶಾಸ್ತ್ರದ ಮೇಷ್ಟ್ರು ಗಲಾಟೆಯ ಮೇಲೆ ದೂರು ಹೇಳಲು ಬಂದವರು ಬಾಗಿಲಲ್ಲೇ ಒರಗಿ ನಿಂತು ಕಣ್ಣೊರೆಸಿಕೊಂಡರು. ಕೊನೆಗೆ ಎತ್ತಿನ ಅಂಬಾ ಎಂಬುದು ಕಾನೂನಿನಲ್ಲಿ ಸಾಕ್ಷ್ಯವೋ ಅಲ್ಲವೋ ಎಂಬ ಜಗಳ ಹತ್ತಿಕೊಂಡು, ಗಂಟೆ ಹೊಡೆದ ಮೇಲೂ ಮೆಟ್ಟಿಲ ಮೇಲೆ, ಊಟದ ಮನೆಯಲ್ಲಿ, ಬಿಸಿ ಸಾರಿನ ಬಟ್ಟಲುಗಳ ಮೇಲೆ ನಡೆಯಿತು. ಇಷ್ಟು ವರ್ಷಗಳಲ್ಲಿ ನನ್ನ ಪಾಠದ ಬಗ್ಗೆ ಯಾರೂ ಊಟದ ಮನೆಯಲ್ಲಿ ಜಗಳವಾಡಿರಲಿಲ್ಲ, ಮಾನ್ಯರೇ. ನನಗೆ ಆದ ಸಂತೋಷವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಆದರೆ ಸಂತೋಷವೆಂಬುದು ವ್ಯವಸ್ಥೆಯಿಲ್ಲದ ವಸ್ತು. ಅದನ್ನು ಮೊದಲು ಗುರುತಿಸಿದವರು ತಾವು. ಸುದ್ದಿ ತಿಳಿದು ತಾವೇ ಖುದ್ದಾಗಿ ಬಂದು, "ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಇದನ್ನ ಹೀಗೇ ಬಿಟ್ರೆ ಹೇಗೆ? ಇದಕ್ಕೊಂದು ಕೇಂದ್ರ ಬೇಕು," ಎಂದಿರಿ. ಚಿಗುರನ್ನು ಕಂಡೊಡನೆ ಅದಕ್ಕೊಂದು ಕಾಂಪೌಂಡು ಕಟ್ಟಬೇಕೆನಿಸುವುದು ಮಹಾಪುರುಷರಿಗೆ ಮಾತ್ರ. ಬೇಸಗೆ ರಜೆ ಮುಗಿಯುವಷ್ಟರಲ್ಲಿ ಕೇಂದ್ರ ಬಂತು, ಅದಕ್ಕೆ ಫಲಕ ಬಂತು, ಫಲಕದ ಕೆಳಗೆ ತಮ್ಮ ಭಾವಚಿತ್ರವೂ ಬಂತು.

ಕಲಾವಿದರು ತಮ್ಮ ಕಲೆಯಿಂದ ಆಗುವ ಕಲಿಕೆಯ ಫಲವನ್ನು ಮೊದಲೇ ಬರೆದುಕೊಡತಕ್ಕದ್ದು ಎಂದು ತಮ್ಮ ಕಚೇರಿಯಿಂದ ಆದೇಶ ಬಂದಾಗ, ಅದನ್ನು ಕೇಳಲು ನಾನೇ ಸಂತೆಬೀದಿಗೆ ಹೋಗಿದ್ದೆ. "ಅದೇನಮ್ಮಾ ಕಲಿಕೆಯ ಫಲ ಅಂದ್ರೆ?" ಎಂದರು ಗಾಯಕಿ, ಕನ್ನಡಿ ನೋಡಿಕೊಳ್ಳುತ್ತಾ. ಹಾಡು ಕೇಳಿದ ಮೇಲೆ ಹುಡುಗರಲ್ಲಿ ಏನು ಬದಲಾವಣೆ ಕಾಣುತ್ತದೆಂದು ಹೇಳಬೇಕಂತೆ ಎಂದೆ. "ಹೊಟ್ಟೆ ಹಸಿಯುತ್ತೆ. ಮೂರು ತಾಸು ಕೂಗಿ ಕೂಗಿ ಹೊಟ್ಟೆ ಹಸಿಯುತ್ತೆ. ಬರ್ಕೋ," ಎಂದರು. ನಾನು ಹಾಗೆಯೇ ಬರೆದುಕೊಟ್ಟೆ. ತಮ್ಮ ಕಚೇರಿ ಅದನ್ನು ತಿದ್ದಿ 'ಜೈವಿಕ ಅರಿವಿನ ವರ್ಧನೆ' ಎಂದು ಮಾಡಿತು. ಆ ಕೈಚಳಕಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ.

ಇನ್ನು ಹೊಸ ಸಭಾಂಗಣದ ಬಗ್ಗೆ ಹೊಗಳದಿದ್ದರೆ ನನ್ನ ನಾಲಗೆ ಬಿದ್ದುಹೋದೀತು. ಪಾನ್ಸೋರಿಗೆ ಒಂದು ಡೋಲು, ಒಂದು ಬೀಸಣಿಗೆ, ಎದುರಿಗೆ ಬಾಯಿರುವ ಜನ ಇದ್ದರೆ ಸಾಕೆಂದು ನಮ್ಮ ಅಜ್ಜಂದಿರು ಅಜ್ಞಾನದಿಂದ ನಂಬಿದ್ದರು. ತಾವು ಸದ್ದು ನುಂಗುವ ಗೋಡೆಗಳನ್ನು ಕಟ್ಟಿಸಿದಿರಿ. ವೇದಿಕೆಗೂ ಮೊದಲ ಸಾಲಿಗೂ ನಡುವೆ ಒಂದು ಬಸ್ಸು ತಿರುಗಿಸುವಷ್ಟು ಜಾಗ ಬಿಡಿಸಿದಿರಿ. ಭಲೇ ಎನ್ನುವುದರಿಂದ ಚಿತ್ರೀಕರಣಕ್ಕೆ ತೊಂದರೆ ಎಂದು ತಿಳಿದು, ಪ್ರತಿ ಕುರ್ಚಿಯ ಕೈಗೂ ಒಂದು ಹಸಿರು ಗುಂಡಿ ಕೂರಿಸಿದಿರಿ. ಮೆಚ್ಚುಗೆಯಾದವರು ಬಾಯಿ ತೆರೆಯದೆ ಅದನ್ನು ಒತ್ತಿದರೆ ತಮ್ಮ ಕೋಣೆಯ ಪರದೆಯ ಮೇಲೆ ಒಂದು ಗೆರೆ ಮೇಲೇರುತ್ತದೆ. ಹಾಡುವವರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಊಟ ಬಡಿಸಿದವರಿಗೆ ಕಾಣದಂತೆ, ಅಡುಗೆ ಚೆನ್ನಾಗಿದೆ ಎಂದು ಊರಾಚೆಯ ಅಂಚೆ ಡಬ್ಬಿಗೆ ಚೀಟಿ ಹಾಕಿ ಬರುವ ಈ ನಾಜೂಕು ಬೇರೆ ಯಾರಿಗೆ ಹೊಳೆದೀತು!

ಕೇಂದ್ರಕ್ಕೆ ದರ್ಜೆ ಕೊಡಲು ಸಿಯೋಲ್‌ನಿಂದ ಪರಿಶೀಲಕರು ಬಂದ ದಿನ ನನ್ನ ವಿದ್ಯಾರ್ಥಿಗಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಮ್ಮ ಸಿಬ್ಬಂದಿ ಹೇಳಿಕೊಟ್ಟಂತೆ ತುಟಿ ಹೊಲಿದುಕೊಂಡು ಕೂತರು. ಗಾಯಕಿ ಅದೇ ಕಥೆ ಎತ್ತಿಕೊಂಡರು. ಅವರ ದನಿ ವೇದಿಕೆಯಿಂದ ಹೊರಟು ಗೋಡೆಯೊಳಗೆ ಇಳಿದು ಅಲ್ಲೇ ಸಮಾಧಿಯಾಗುತ್ತಿತ್ತು. ವಿಧವೆ ಎತ್ತನ್ನು ಕರೆಯುವ ಜಾಗ ಬಂತು. ಕರೆದರು, ನಿಲ್ಲಿಸಿದರು, ಸದ್ದಿಲ್ಲ. ಇನ್ನೊಮ್ಮೆ ಕರೆದರು, ಇಲ್ಲ. ನನ್ನ ಅಕ್ಕಪಕ್ಕದ ಮಕ್ಕಳು ಬೆರಳು ನೋಯುವಂತೆ ಗುಂಡಿ ಒತ್ತುತ್ತಿದ್ದರು, ಒಬ್ಬ ಹುಡುಗಿ ಎರಡೂ ಕೈಯಲ್ಲಿ ಒತ್ತುತ್ತಿದ್ದಳು. ವೇದಿಕೆಯ ಮೇಲೆ ಆ ಮುದುಕಿಯ ಮುಖದಲ್ಲಿ, ಅಷ್ಟು ದರ್ಪದ ಆ ಮುಖದಲ್ಲಿ, ಹೆದರಿಕೆ ಕಂಡಿತು. ತನ್ನ ದನಿಯೇ ಹೋಯಿತೇನೋ ಎಂದು ಅವರು ಕೊರಳು ಮುಟ್ಟಿಕೊಂಡರು. ಕೊನೆಗೆ ಕತ್ತಲೆಯತ್ತ ಬಗ್ಗಿ, "ಏನ್ರೋ, ಎತ್ತು ಸತ್ತೇಹೋಯ್ತಾ?" ಎಂದು ಕೇಳಿದರು.

"ಬದುಕಿದೆ ಅಜ್ಜೀ! ಭಲೇ! ಕರೀತಾ ಇರಿ!"

ಗಿಲ್ ದೋಜಿನ್ ಎದ್ದು ನಿಂತಿದ್ದ. ಮರುಗಳಿಗೆ ತಮ್ಮ ಕೇಂದ್ರದ ಸಮವಸ್ತ್ರ ತೊಟ್ಟ ಇಬ್ಬರು ಸ್ವಯಂಸೇವಕರು ಅವನ ರಟ್ಟೆ ಹಿಡಿದು ಹೊರಗೆ ನಡೆಸಿಕೊಂಡು ಹೋದರು. ಗಾಯಕಿ ಅದನ್ನು ನೋಡುತ್ತಾ ನಿಂತು, ಬೀಸಣಿಗೆ ಮಡಿಸಿ, ಕೊರಳ ಬಳಿಯ ಮೈಕನ್ನು ಕಿತ್ತು ನೆಲಕ್ಕಿಟ್ಟು, "ತಮ್ಮಾ, ಡೋಲು ಎತ್ಕೋ. ನಮ್ಮ ಜನ ಹೊರಗಿದ್ದಾರೆ," ಎಂದರು. ಡೋಲಿನವರು ತಲೆಯಾಡಿಸಿದರು. ಇಬ್ಬರೂ ನಡುದಾರಿಯಲ್ಲೇ ಇಳಿದು ಬಾಗಿಲು ದಾಟಿದರು. ನಾನು ಎದ್ದೆ, ತರಗತಿಯೂ ಎದ್ದಿತು. ಮಿಕ್ಕ ಕಥೆ ಬಸ್ ನಿಲ್ದಾಣದ ತಗಡಿನ ಸೂರಿನ ಕೆಳಗೆ ನಡೆಯಿತು. ಎತ್ತು ಓಗೊಟ್ಟಾಗ ಎದ್ದ ಕೂಗಿಗೆ ಬಸ್ಸಿನ ಡ್ರೈವರು ಎಂಜಿನ್ ಆರಿಸಿ ಕೆಳಗಿಳಿದ; ಪ್ರಯಾಣಿಕರು ಅವನನ್ನು ಬೈಯುವ ಬದಲು ಕಿಟಕಿಯಿಂದ ಕತ್ತು ಚಾಚಿದರು. ಒಳಗೆ ಪರಿಶೀಲಕರು ಖಾಲಿ ವೇದಿಕೆಯನ್ನು ಬಹಳ ಹೊತ್ತು ನೋಡಿ, ಅದು ಆಧುನಿಕ ಪ್ರಯೋಗವೆಂದು ತಿಳಿದು, ಅತ್ಯುನ್ನತ ದರ್ಜೆ ಕೊಟ್ಟು ಹೋದರೆಂದು ಕೇಳಿದೆ. ಪ್ರಶಸ್ತಿಗೆ ಮತ್ತೊಮ್ಮೆ ಅಭಿನಂದನೆಗಳು.

ಆಮೇಲೆ ತಾವು ದೋಜಿನ್‌ನನ್ನು ಶಿಸ್ತು ಸಮಿತಿಯ ಮುಂದೆ ನಿಲ್ಲಿಸಿದಿರಿ. ಆರೋಪ: ಕಲಾಪ್ರದರ್ಶನಕ್ಕೆ ಅಡ್ಡಿ. ನಾನು ಅವನ ಪರವಾಗಿ ಬಾಯಿ ತೆರೆದಾಗ, "ಮೇಡಂ, ನೀವು ಕಾನೂನಿನವರು. ಕಲೆಯ ವಿಚಾರ ಕಲೆಯವರಿಗೆ ಬಿಡಿ," ಎಂದಿರಿ. ನ್ಯಾಯವಾದ ಮಾತೆಂದು ನಾನು ಕಲೆಯವರನ್ನೇ ಸಾಕ್ಷಿಗೆ ಕರೆಸಿದೆ. ತುಟಿಗೆ ಕೆಂಪು ಬಳಿದುಕೊಂಡು, ಒಳ್ಳೆಯ ರೇಷ್ಮೆ ಉಟ್ಟು ಬಂದ ಗಾಯಕಿಯನ್ನು ತಾವು ಕೇಳಿದಿರಿ: "ಈ ಹುಡುಗನಿಂದ ನಿಮ್ಮ ಹಾಡಿಗೆ ಅಡ್ಡಿ ಆಯ್ತು ಅಲ್ವಾ?"

"ಆಯ್ತು ಸಾಹೇಬ್ರೇ," ಎಂದರು ಅವರು. "ಅವನ ಬಾಯಿ ಮುಚ್ಚಿಸಿದ್ರಲ್ಲ, ಆಗ ಆಯ್ತು."

ತಾವು ಗುಮಾಸ್ತರ ಕಡೆ ತಿರುಗಿ, ಅಡ್ಡಿಯಾದದ್ದನ್ನು ಸಾಕ್ಷಿ ಒಪ್ಪಿಕೊಂಡಿದ್ದಾರೆ ಎಂದು ಬರೆಸಿದಿರಿ. ಇಷ್ಟು ವರ್ಷ ಸಾಕ್ಷ್ಯ ಕಾಯಿದೆ ಕಲಿಸಿದ್ದೇನೆ. ಒಂದು ವಾಕ್ಯದ ತಲೆಯನ್ನು ಉಳಿಸಿಕೊಂಡು ಮುಂಡವನ್ನು ಎಸೆಯುವ ಕೆಲಸ ಅಷ್ಟು ಸಲೀಸಾಗಿ ನಡೆದದ್ದನ್ನು ಎಲ್ಲಿಯೂ ಕಂಡಿರಲಿಲ್ಲ.

ಹುಡುಗನ ದಾಖಲೆಯ ಮೇಲೆ ಕಪ್ಪು ಗುರುತು ಬಿತ್ತು. ಕಾನೂನು ಸ್ನಾತಕೋತ್ತರ ಶಾಲೆಗಳು ಮೊದಲು ನೋಡುವುದೇ ಅದನ್ನು. ಅವನು ಸೇರಬೇಕೆಂದಿದ್ದ ಶಾಲೆ ಈಗಾಗಲೇ ಬೇಡವೆಂದಿದೆ. ಕ್ಷಮಾಪಣೆ ಬರೆದರೆ ಗುರುತು ಅಳಿಸುವುದಾಗಿ ತಾವು ದೊಡ್ಡ ಮನಸ್ಸು ಮಾಡಿದಿರಿ, ಅವನು ಬರೆಯಲಿಲ್ಲ. ಬರೆದುಬಿಡೋ ಎಂದು ನಾನೂ ಹೇಳಿದೆ, ಅವನ ಅಪ್ಪ ಫೋನಿನಲ್ಲಿ ಬೈದರು. "ಮೇಡಂ, ನಿಮ್ಮ ಪಾಠದಲ್ಲಿ ನಾನು ಎಚ್ಚರ ಇದ್ದಿದ್ದೇ ಎರಡು ಸಲ. ಎರಡನೇ ಸಲಕ್ಕೆ ಶಿಕ್ಷೆ ಆಯ್ತು. ಎಚ್ಚರ ಇದ್ದಿದ್ದು ತಪ್ಪಾಯ್ತು ಅಂತ ಹೇಗೆ ಬರೀಲಿ?" ಎಂದ ದೋಜಿನ್.

ಈಗ ತಮ್ಮ ಕೇಂದ್ರದಲ್ಲಿ ಎಲ್ಲವೂ ಸುಗಮವಾಗಿದೆ. ಜೀವಂತ ಗಾಯಕಿ ಎದ್ದುಹೋಗುವ ಅಪಾಯವಿರುವುದರಿಂದ ಚಿತ್ರೀಕರಿಸಿಟ್ಟ ಗಾಯಕಿಯನ್ನು ತೋರಿಸುತ್ತಿದ್ದೀರಿ. ಅವರು ಏಳುವುದಿಲ್ಲ, ಕೇಳುವುದಿಲ್ಲ, ಹೆದರುವುದೂ ಇಲ್ಲ. ನಮ್ಮ ಪಾಡಿಗೆ ನಾವು ಜೀವಂತ ಗಾಯಕಿಯೊಡನೆ ಶನಿವಾರ ಮಧ್ಯಾಹ್ನ ಸಂತೆಬೀದಿಯ ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಸೇರುತ್ತೇವೆ. ತರಗತಿಯ ಅರ್ಧದಷ್ಟು ಮಂದಿಯೂ ಬರುವುದಿಲ್ಲ, ಅಂಕ ಸಿಗದ ಕಡೆ ಬರುವುದಕ್ಕೆ ಎಲ್ಲರಿಗೂ ಬಿಡುವೆಲ್ಲಿದೆ. ದೋಜಿನ್ ಬರುತ್ತಾನೆ, ತಪ್ಪು ಜಾಗದಲ್ಲಿ ಭಲೇ ಎಂದು ಬೈಸಿಕೊಳ್ಳುತ್ತಾನೆ. "ತಾಳ ಕೇಳೋ ಕತ್ತೆ!" ಎಂದು ಬೈದ ಮೇಲೆ ಗಾಯಕಿ ಅವನಿಗೇ ಮೊದಲು ಅಕ್ಕಿ ಕಡುಬು ಕೊಡುತ್ತಾರೆ.

ಆದುದರಿಂದ ತಮ್ಮಲ್ಲಿ ಕೆಲವು ವಿನಮ್ರ ಬಿನ್ನಹಗಳು. ತರಗತಿಗಳಲ್ಲಿ ಪ್ರಶ್ನೆ ಕೇಳುವುದೂ ಉಪನ್ಯಾಸಕ್ಕೆ ಅಡ್ಡಿಯೇ ಆದ್ದರಿಂದ ಅಲ್ಲಿಯೂ ಗುಂಡಿ ಕೂರಿಸಿ, ಕೆಂಪು ಬಣ್ಣದ್ದಿರಲಿ. ಶವಸಂಸ್ಕಾರದಲ್ಲಿ ಅಳುವವರಿಗೂ ನೀಲಿ ಗುಂಡಿಯೊಂದನ್ನು ದಯಪಾಲಿಸಿದರೆ ನೆರೆಹೊರೆಯ ನಿದ್ದೆ ಉಳಿಯುತ್ತದೆ. ಕಥೆಯ ಆ ಎತ್ತು ಅನುಮತಿಯಿಲ್ಲದೆ ಸರ್ಕಾರಿ ಅಂಗಳದಲ್ಲಿ ಕೂಗಿದ್ದರಿಂದ ಅದರ ಮೇಲೂ ಕ್ರಮ ಜರುಗಿಸಬೇಕು. ಸತ್ತಿದೆಯೆಂದು ನೆಪ ಹೇಳಿದರೆ ಒಪ್ಪಬೇಡಿ. ಇವೆಲ್ಲ ಆಗದಿದ್ದರೆ ಬೇಡ. ಆಗುವಂಥದ್ದು ಒಂದಿದೆ, ಅದರಲ್ಲಿ ನನ್ನ ಅಣಕವೇನೂ ಇಲ್ಲ: ಆ ಹುಡುಗನ ಹೆಸರಿನ ಮುಂದಿರುವ ಗುರುತನ್ನು ತೆಗೆದುಹಾಕಿ. ಮುಂದಿನ ಪ್ರವೇಶದ ಅರ್ಜಿಗಳು ಚಳಿಗಾಲಕ್ಕೆ ಮೊದಲೇ ಮುಗಿಯುತ್ತವೆ.

ಇಷ್ಟು ಉದ್ದ ಮಾತಾಡಿಯೂ ಯಾವ ಗುಂಡಿಯನ್ನೂ ಒತ್ತದಿದ್ದುದಕ್ಕೆ ಕ್ಷಮೆ ಕೋರುತ್ತಾ,

ತಮ್ಮ ವಿಶ್ವಾಸಿ, ತಾವು ಒಪ್ಪುವವರೆಗೂ,
ಮೋಕ್ ಯನ್‌ಸೂಕ್

ತಾ. ಕ.: ಹೇಳಲು ಮರೆತೆ. ಗಿರಣಿಯ ಮಹಡಿಯಲ್ಲಿ ಮುಂದಿನ ಸಾಲಿಗೆ ಬಂದು ಕೂತು ಎಲ್ಲರಿಗಿಂತ ಜೋರಾಗಿ ಭಲೇ ಎನ್ನುವವರು ತಮ್ಮ ಪೂಜ್ಯ ತಾಯಿಯವರು. ಮಗನೂ ಬರಬಾರದೇ ಎಂದು ಕಳೆದ ವಾರ ಕೇಳಿದೆ. "ಅಯ್ಯೋ, ಅವ್ನಾ? ಹುಟ್ಟಿದಾಗಲೂ ಅಳಲಿಲ್ಲ ಕಣಮ್ಮ. ಸೂಲಗಿತ್ತಿ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ಬಾರಿಸಿದ ಮೇಲೇ ಬಾಯಿ ಬಂದಿದ್ದು," ಎಂದರು. ಪುಣ್ಯಾತ್ಗಿತ್ತಿ, ಆ ಸೂಲಗಿತ್ತಿ ಈಗ ಇಲ್ಲವಂತೆ. ನಾವಿದ್ದೇವೆ.