ಎರಡು ಓಣಿಗೆ ಒಂದೇ ಒಲೆ

ಅಂದು ಬೆಳಿಗ್ಗೆ ಅಂಗಳಕ್ಕೆ ಸಗಣಿ ನೀರು ಹಾಕಿ ಗುಡಿಸಿದ್ದೆ. ಎಮ್ಮೆ ಹಿಂಡಿ, ಹಾಲು ಕಾಯಿಸಿ, ಹೆಪ್ಪು ಹಾಕಿದ್ದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದ್ದೆ. ನಮ್ಮವರ ಅಂಗಿಗೆ ಗುಂಡಿ ಹಚ್ಚಿದ್ದೆ. ಊರಿನವರ ಬಟ್ಟೆಯನ್ನೆಲ್ಲ ಹೊಲಿಯುವ ಟೇಲರ್ ತನ್ನ ಗುಂಡಿಯನ್ನು ಮಾತ್ರ ಹೆಂಡತಿಯ ಕೈಯಲ್ಲೇ ಹಚ್ಚಿಸಿಕೊಳ್ಳಬೇಕೆಂಬುದು ನಮ್ಮ ಮನೆಯ ಕಾನೂನು. ಇಷ್ಟೆಲ್ಲ ಮುಗಿದ ಮೇಲೆ, ಅಡುಗೆಗೆ ಇನ್ನೂ ಹೊತ್ತಿದೆಯಲ್ಲ ಎಂದು, ವಿಜ್ಞಾನಕ್ಕೆ ಸಹಾಯ ಮಾಡಲು ಒಪ್ಪಿಕೊಂಡೆ.

ನಮ್ಮ ಸುರೇಬಾನದಲ್ಲಿ ಗ್ಯಾಸಿನ ಒಲೆ ಸಾವುಕಾರರ ಮನೆಗಷ್ಟೇ ಬಂದಿದ್ದ ಕಾಲ ಅದು. ಕೇಳಲು ಬಂದವಳು ವೀಣಾ ಎಂಬ ಹುಡುಗಿ. ಡಾಕ್ಟರಿಕೆ ಓದಿ, ಅಡುಗೆಯ ಹೊಗೆ ಹೆಂಗಸರ ಎದೆಗೆ ಏನು ಮಾಡುತ್ತದೆ ಎಂದು ಸಂಶೋಧನೆ ನಡೆಸುತ್ತಿದ್ದಳು.

“ಕಾಕೂ, ಹೊಗಿ ಕೊಳವಿಯಿಂದ ಹೊರಗ ಹೋಗೂ ಒಲಿ ಮಾಡಿದವರು ಇಂಜಿನಿಯರು. ನಿಮ್ಮ ಉಸಿರು ಅಳೆಯಾಕಿ ನಾನು. ಉಪಯೋಗ ಆತೋ ಇಲ್ಲೋ ಅಂತ ಕಡೀಕ ಹೇಳವರು ಗಣಿತದ ಸರ್.”

“ಒಂದು ಒಲಿಗೆ ಮೂರು ಮಂದಿ ಬೇಕೇನವಾ? ನಾ ಇಷ್ಟು ವರ್ಷ ಒಬ್ಬಾಕೀನ ಉರಿಸೇನಿ” ಎಂದೆ.

ನಮ್ಮದು ಮೇಲಿನ ಓಣಿ. ನಮ್ಮ ಬೆನ್ನಿಗೇ ಕೆಳಗಿನ ಓಣಿ. ನಡುವೆ ಹಿತ್ತಲು ಒಂದೇ. ಹೊಸ ಒಲೆ ಯಾವ ಓಣಿಗೆಂದು ವೀಣಾ ಎಲ್ಲರೆದುರು ನಾಣ್ಯ ಚಿಮ್ಮಿದಳು. ನಮ್ಮ ಓಣಿಗೆ ಮನೆಗೊಂದರಂತೆ ಬಂತು. ಕೆಳಗಿನ ಓಣಿಯವರು ಒಂದು ವರ್ಷ ಹಳೆಯ ಒಲೆಯಲ್ಲೇ ಬೇಯಿಸಬೇಕು. ವರ್ಷದ ಕೊನೆಗೆ ಅವರಿಗಿಂತ ನಮ್ಮ ಉಸಿರು ಸುಧಾರಿಸಿದ್ದರೆ ಅವರಿಗೂ ಮನೆಗೊಂದು ಒಲೆ ಬರುತ್ತದೆ. ಸುಧಾರಿಸದಿದ್ದರೆ ಯಾರಿಗೂ ಇಲ್ಲ.

ಆಮೇಲೆ ಎಲ್ಲರೂ ಒಂದು ಕೊಳವೆಯಲ್ಲಿ ಊದಿದೆವು. ಉಸಿರಿನ ಜೋರು ಎಷ್ಟೋ ಅದರೊಳಗಿನ ಮುಳ್ಳು ಅಷ್ಟು ಮುಂದೆ ಸರಿಯುತ್ತದೆ. ನನ್ನದು ಅರ್ಧಕ್ಕೆ ನಿಂತಿತು.

“ನನಗ ಬೈಯುವಾಗ ಅಷ್ಟೊಂದು ಉಸಿರು ಎಲ್ಲಿಂದ ಬರತೈತಿ ಮತ್ತ?” ಎಂದರು ನಮ್ಮವರು, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

ಎಲ್ಲರಿಗಿಂತ ಕಡಿಮೆ ಊದಿದವಳು ಕೆಳಗಿನ ಓಣಿಯ ದಾವಲಬಿ. ಗಂಡ ಟೆಂಪೋ ಡ್ರೈವರ್, ಮನೆ ತುಂಬ ಮಂದಿ, ದಿನಾ ಬುಟ್ಟಿಗಟ್ಟಲೆ ರೊಟ್ಟಿ. ಅವಳ ಕೆಮ್ಮು ನಮ್ಮ ಹಿತ್ತಲಿಗೆ ಕೋಳಿಯ ಕೂಗಿಗಿಂತ ಮೊದಲು ಕೇಳುತ್ತಿತ್ತು. ಹೊಸ ಒಲೆ ಬಂದ ವಾರವೇ ಅದು ನನ್ನ ಕಿವಿಗೆ ಚುಚ್ಚತೊಡಗಿತು. ನಾನು ಇಲ್ಲಿ ಹೊಗೆಯಿಲ್ಲದೆ ಕೂತಿದ್ದೇನೆ, ಅಲ್ಲಿ ಅವಳು ಕಣ್ಣೀರು ಸುರಿಸುತ್ತಿದ್ದಾಳೆ. ಒಲೆಯನ್ನು ಆ ಓಣಿಗೆ ಕೊಡುವಂತಿಲ್ಲ, ಸರಿ. ಆದರೆ ಬೆಂಕಿ ಕೇಳಲು ಬಂದವರಿಗೆ ಇಲ್ಲವೆನ್ನುವ ಪದ್ಧತಿ ನಮ್ಮ ಎರಡೂ ಓಣಿಗಳಲ್ಲಿ ಇರಲಿಲ್ಲ.

“ದಾವಲಬಿ, ಹಿಟ್ಟು ತಗೊಂಡು ಇಲ್ಲೇ ಬಾ. ನಾಕು ರೊಟ್ಟಿ ಬಡಕೊಂಡು ಹೋಗು.”

“ಆ ಡಾಕ್ಟರ್ ಬಾಯಾರು ಏನಾರ ಅಂದ್ರ?”

“ಒಲಿ ಎಲ್ಲಿ ಇಟ್ಟಾರೋ ಅಲ್ಲೇ ಐತಿ. ಬರಾಕಿ ನೀನು.”

ಈ ಕಾನೂನು ಪಾಂಡಿತ್ಯಕ್ಕೆ ನಾನೇ ಬೆರಗಾದೆ.

ದಾವಲಬಿಯ ಹಿಂದೆ ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಬಂದಳು. ನೆಗೆಣ್ಣಿಯ ಹಿಂದೆ ಬಸುರಿಯೊಬ್ಬಳು ಬಂದಳು. ಆಕೆಯನ್ನು ಹಿಂದಕ್ಕೆ ಕಳಿಸುವುದು ಹೇಗೆ? ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಿನ ಓಣಿಯ ಕೆಮ್ಮುವವರೆಲ್ಲ ನಮ್ಮ ಅಡುಗೆಮನೆಯಲ್ಲಿದ್ದರು. ಯಾರು ಹೆಚ್ಚು ಕೆಮ್ಮುತ್ತಾರೋ ಅವರದು ಮೊದಲ ಪಾಳಿ. ನ್ಯಾಯವಾಗಿ ನಡೆಸಿದೆನೆಂಬ ಹೆಮ್ಮೆ ನನಗಿತ್ತು.

ಆದರೆ ನಮ್ಮ ಮನೆಯ ಊಟ ಹೊತ್ತು ಮೀರತೊಡಗಿತು. ಬಂದವರನ್ನು ಏಳಿಸುವುದಕ್ಕೆ ಬಾಯಿ ಬಾರದೆ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಹತ್ತಿಕಟ್ಟಿಗೆ ಉರಿಸಿ ಅಲ್ಲೇ ಬೇಯಿಸಿದೆ. ಒಂದು ದಿನವೆಂದು ಹೂಡಿದ ಕಲ್ಲು ಅಲ್ಲೇ ಉಳಿದವು.

“ಮನಿಯೊಳಗ ಹೊಸಾ ಒಲಿ, ಮನಿಯಾಕಿ ಹಿತ್ತಲದಾಗ ಹೊಗಿ ಕುಡ್ಯಾಕ ಹತ್ಯಾಳ” ಎಂದರು ನಮ್ಮವರು.

“ಸುಮ್ನ ಉಣ್ರಿ” ಎಂದೆ. ಹೇಳುವಾಗಲೇ ಕೆಮ್ಮು ಬಂತು.

ಚಳಿಗಾಲದಲ್ಲಿ ವೀಣಾ ಮತ್ತೆ ಬಂದು ಊದಿಸಿದಳು. ದಾವಲಬಿಯ ಮುಳ್ಳು ಸರಸರನೆ ಮುಂದೆ ಹೋಯಿತು. ನನ್ನದು ಮೊದಲಿದ್ದ ಕಡೆಗೂ ಮುಟ್ಟಲಿಲ್ಲ. ನಾನು ದಾವಲಬಿಯ ಬೆನ್ನು ಚಪ್ಪರಿಸಿದೆ. ವಿಜ್ಞಾನಕ್ಕೂ ಸಂತೋಷವಾಗಿರಬೇಕು ಎಂದುಕೊಂಡೆ. ವೀಣಾ ಮಾತ್ರ ಕೊಳವೆಯನ್ನು ಅಲ್ಲಾಡಿಸಿ ನೋಡಿದಳು, ಬೇರೆ ಕೊಳವೆ ತೆಗೆದು ನನ್ನನ್ನು ಮತ್ತೊಮ್ಮೆ ಊದಿಸಿದಳು, ಅಂಕಿ ಬರೆದುಕೊಂಡು ಬಸ್ಸು ಹತ್ತಿದಳು.

ಮುಂದಿನ ವಾರ ಸುದ್ದಿ ಕೊಡದೆ ಬೆಳಿಗ್ಗೆಯೇ ಬಂದಳು. ಕಟ್ಟೆಯ ಮೇಲೆ ನಮ್ಮವರು ಸೂಜಿಗೆ ದಾರ ಪೋಣಿಸುತ್ತಿದ್ದರು. ಮುಖ ನೋಡದೆ ಹೇಳಿದರು:

“ರೊಟ್ಟಿಗೇನ್ರಿ? ಹಿತ್ತಲ ಬಾಗಲದಿಂದ ಬರ್ರಿ. ಪಾಳಿ ಭಾಳ ಐತಿ.”

ವೀಣಾ ಹಿತ್ತಲ ಬಾಗಿಲಿನಿಂದಲೇ ಬಂದಳು. ಮೊದಲು ಸಿಕ್ಕವಳು ನಾನು, ಮೂರು ಕಲ್ಲಿನ ಮುಂದೆ ಕೂತು ಊದುತ್ತಿದ್ದೆ. ಒಳಗೆ ಹೊಸ ಒಲೆಯ ಮುಂದೆ ದಾವಲಬಿ ರೊಟ್ಟಿ ತಟ್ಟುತ್ತಿದ್ದಳು. ಅವಳ ಹಿಂದೆ ಹಿಟ್ಟಿನ ಬೋಗುಣಿ ಹಿಡಿದವರ ಸಾಲು. ಹುಡುಗಿ ಜೋಳದ ಚೀಲದ ಮೇಲೆ ಕೂತುಬಿಟ್ಟಳು.

“ಕಾಕೂ, ನನ್ನ ಲೆಕ್ಕದ ಪ್ರಕಾರ ಈ ಒಲಿ ಇದ್ದವರಿಗೆ ರೋಗ, ಇಲ್ಲದವರಿಗೆ ಆರೋಗ್ಯ. ಹಿಂಗ ಬರದು ಕೊಟ್ರ ಎಲ್ಲಾ ನಿಲ್ಲತೈತಿ.”

ದಾವಲಬಿಯ ಕೈ ಹಿಟ್ಟಿನ ಮೇಲೆಯೇ ನಿಂತಿತು. “ಅಂದ್ರ ನಮಗ ಒಲಿ ಬರಂಗಿಲ್ಲೇನ್ರಿ?”

ರೊಟ್ಟಿ ಸೀದ ವಾಸನೆ ಬಂತು.

ನಾನು ತಪ್ಪು ತಿದ್ದಲು ಹೊರಟೆ. “ಓಣಿ ಬಿಡವಾ. ಯಾರು ಯಾವ ಒಲಿ ಮುಂದ ಕುಂತಿದ್ರು ಅಂತ ನಾ ಹೇಳತೇನಿ. ಹಂಗ ಬರಕೋ. ಲೆಕ್ಕ ಸರಿ ಆತಲ್ಲ?”

“ಆಗಂಗಿಲ್ಲ ಕಾಕೂ. ನಾಣ್ಯ ಆರಿಸಿದ್ರ ನಡೀತೈತಿ. ನೀವು ಆರಿಸಿದ್ರ ನಡ್ಯಂಗಿಲ್ಲ. ನೀವು ಕೆಮ್ಮವರನ್ನ ಹುಡುಕಿ ಹುಡುಕಿ ಕರದೀರಿ. ಎರಡೂ ಕಡೆ ಒಂದ ನಮೂನಿ ಮಂದಿ ಇದ್ರ ಅಷ್ಟ ಒಲಿದು ಗುಣ ಗೊತ್ತಾಗತೈತಿ. ನಾಣ್ಯಕ್ಕ ಕನಿಕರ ಇರಂಗಿಲ್ಲ, ಅದಕ್ಕ ಅದನ್ನ ನಂಬತಾರ.”

ಈ ಮಾತಿನ ಮೇಲೆ ನಾನು ಬಹಳ ದಿನ ಯೋಚಿಸಿದ್ದೇನೆ. ಕನಿಕರ ಇಲ್ಲದ್ದು ಹೆಚ್ಚು ಸತ್ಯ ಹೇಳುತ್ತದೆಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ವೀಣಾ ಎಸ್‌ಟಿಡಿ ಬೂತಿಗೆ ಹೋಗಿ ಗಣಿತದ ಸರ್‌ಗೆ ಫೋನ್ ಮಾಡಿ ಬಂದಳು. ಸರ್ ಬಹಳ ಹೊತ್ತು ನಕ್ಕರಂತೆ. ಆಮೇಲೆ, ಇಷ್ಟು ದಿನದ್ದೆಲ್ಲ ಬಿಟ್ಟು ಹೊಸದಾಗಿ ಅಳೆದು ಮೊದಲಿನಿಂದ ಒಂದು ವರ್ಷ ನಡೆಸು ಎಂದರಂತೆ.

“ಮನ್ಯಾಗ ಏನ ಹೇಳಲಿ ಕಾಕೂ? ಒಂದು ಒಲಿ ಸಲುವಾಗಿ ನನ್ನ ಲಗ್ನ ಇನ್ನೊಂದು ವರ್ಷ ಮುಂದ ಹೋತು ಅಂತ ಹೇಳಲ್ಯಾ?”

ನಾನು ಚಹಾ ಕೊಟ್ಟೆ. ಇನ್ನೇನು ಕೊಡಲಿ? ಹೊರಡುವ ಮುನ್ನ ಅವಳೇ ನಿಂತು ಹಿತ್ತಲಿನ ಮೂರು ಕಲ್ಲು ಎತ್ತಿಸಿದಳು.

ಮರುದಿನ ನಸುಕಿನಲ್ಲಿ ದಾವಲಬಿಯ ಹಳೆಯ ಒಲೆ ಹೊತ್ತಿತು. ಕೆಮ್ಮು ಶುರುವಾಯಿತು. ಸಂಜೆಯವರೆಗೆ ತಡೆದುಕೊಂಡೆ. ದೀಪ ಹಚ್ಚುವ ಹೊತ್ತಿಗೆ ಹಿತ್ತಲಿಗೆ ಹೋಗಿ ಮೆಲ್ಲಗೆ ಕರೆದೆ.

“ದಾವಲಬಿ, ಯಾರೂ ಇಲ್ಲ. ಎರಡ ರೊಟ್ಟಿ ಬಡಕೊಂಡು ಹೋಗು ಬಾ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದಳು.

“ಯಕ್ಕಾ, ನಿನ್ನ ಕೈ ಮುಗೀತೇನಿ, ಒಳಗ ಹೋಗು. ನೀ ನನ್ನ ಮ್ಯಾಲೆ ಇನ್ನೊಂದ ಸಲ ಕರುಣಾ ತೋರಿಸಿದಿ ಅಂದ್ರ ನನಗ ಈ ಜನ್ಮದಾಗ ಒಲಿ ಬರಂಗಿಲ್ಲ.”

ಹೀಗೆಂದು ಬಾಗಿಲು ಮುಚ್ಚಿಕೊಂಡಳು. ನಾನು ಒಳಗೆ ಬಂದು ಹೊಗೆಯಿಲ್ಲದ ಒಲೆಯಲ್ಲಿ ರೊಟ್ಟಿ ಮಾಡಿದೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ನಮ್ಮವರು ಎಷ್ಟೋ ತಿಂಗಳ ಮೇಲೆ ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿತೆಂದು ಒಂದು ರೊಟ್ಟಿ ಹೆಚ್ಚು ಉಂಡು, ಕೈ ಒರೆಸುವ ಮೊದಲೇ ಎಂಬಂತೆ ಮಲಗಿಬಿಟ್ಟರು. ಆಮೇಲೆ ಮಲಗಿದವಳು ದಾವಲಬಿ. ಕೆಮ್ಮು ನಿಂತದ್ದರಿಂದ ಗೊತ್ತಾಯಿತು. ನಾನು ಮಲಗಿದ್ದು ಕೊನೆಗೆ.